ಬಿತ್ತುವವಳು ಮತ್ತು ಹುಂಜ

ನಾಣ್ಯದ ಮೇಲೆ ಅರಸನ ಮುಖವಿರಬೇಕೆಂಬುದು ಪಶ್ಚಿಮ ದೇಶಗಳ ಹಳೆಯ ಪದ್ಧತಿ. ಹಾಗಾದರೆ ಅರಸನನ್ನೇ ಇಳಿಸಿಬಿಟ್ಟ ದೇಶ ತನ್ನ ನಾಣ್ಯದ ಮೇಲೆ ಯಾರನ್ನು ಕೂರಿಸಬೇಕು? ನಮ್ಮ ನಾಡಿನಲ್ಲಿ ಈ ತೊಡಕು ಅಷ್ಟಾಗಿ ತಲೆದೋರಲಿಲ್ಲ. ವಿಜಯನಗರದ ವರಾಹದ ಮೇಲೆ ದೇವರು ಕುಳಿತಿದ್ದ. ಮೈಸೂರಿನ ಕಂಠೀರವ ಹಣದ ಮೇಲೆ ನರಸಿಂಹನಿದ್ದ. ಅರಸರು ಬಂದರು, ಹೋದರು. ದೇವರನ್ನು ಏಳಿಸುವ ಅಗತ್ಯ ಬೀಳಲಿಲ್ಲ. ಫ್ರಾನ್ಸಿನವರ ಪಾಡು ಹಾಗಲ್ಲ. 1870ರಲ್ಲಿ ಮೂರನೆಯ ನೆಪೋಲಿಯನ್ ಪ್ರಷ್ಯದವರಿಗೆ ಸೆರೆಸಿಕ್ಕು, ಪ್ಯಾರಿಸಿನಲ್ಲಿ ಗಣರಾಜ್ಯ ಸಾರಲ್ಪಟ್ಟಾಗ, ಕಮ್ಮಟದವರು ಹಿಂದಿನ ಗಣರಾಜ್ಯದ ಅಚ್ಚುಗಳನ್ನೇ ಹುಡುಕಿ ತೆಗೆದು, ರೋಮನರ ಧಾನ್ಯದೇವತೆಯಾದ ಸೀರಿಸಳ ತಲೆಯನ್ನು ಬೆಳ್ಳಿಯ ಮೇಲೆ ಒತ್ತಿ ಕಾಲ ನೂಕಿದರು. ಕಾಲು ಶತಮಾನ ಹೀಗೆಯೇ ಕಳೆಯಿತು.

ಇದು ಸಾಲದು, ಹೊಸ ಗಣರಾಜ್ಯಕ್ಕೆ ಹೊಸ ನಾಣ್ಯ ಬೇಕು ಎಂದು 1890ರ ದಶಕದ ನಡುವಿನಲ್ಲಿ ಅರ್ಥಮಂತ್ರಿಯಾಗಿದ್ದ ಪಾಲ್ ದುಮೇರ್ ನಿಶ್ಚಯಿಸಿದ. ಮೂವರು ಶಿಲ್ಪಿಗಳಿಗೆ ಮೂರು ಲೋಹಗಳನ್ನು ಹಂಚಿಕೊಟ್ಟರು: ಚಿನ್ನ ಶಪ್ಲೇನನಿಗೆ, ಕಂಚು ದ್ಯುಪುಯಿಗೆ, ಬೆಳ್ಳಿ ಆಸ್ಕರ್ ರೊತಿಗೆ. ಇಪ್ಪತ್ತನೆಯ ಶತಮಾನದ ಆರಂಭದ ಫ್ರೆಂಚ್ ನಾಣ್ಯಗಳನ್ನು ಕೂಡಿಸುವ ಹವ್ಯಾಸ ಯಾರಿಗಾದರೂ ಹತ್ತಿದರೆ ಅದಕ್ಕೆ ಈ ರೊತಿಯೇ ಮುಖ್ಯ ಕಾರಣನೆಂದು ನನ್ನ ಅಭಿಪ್ರಾಯ.

ರೊತಿ ಮಾಡಿದ್ದೇನು? ತಲೆಯ ಬದಲು ಇಡೀ ಆಳನ್ನು ತಂದು ನಿಲ್ಲಿಸಿದ. ನಿಲ್ಲಿಸಿದ ಎನ್ನುವುದೂ ಸರಿಯಲ್ಲ, ನಡೆಯಿಸಿದ. ಕ್ರಾಂತಿಯ ಕಾಲದಿಂದ ಸ್ವಾತಂತ್ರ್ಯದ ಗುರುತಾಗಿ ಬಂದ, ತುದಿ ಬಾಗಿದ ಟೋಪಿ ಧರಿಸಿದ ಒಬ್ಬ ಹೆಂಗಸು ಹೊಲದಲ್ಲಿ ಉದ್ದುದ್ದ ಹೆಜ್ಜೆಯಿಟ್ಟು ನಡೆಯುತ್ತಿದ್ದಾಳೆ. ಹೆಗಲಿಗೆ ಬೀಜದ ಚೀಲ. ಒಂದು ಕೈ ಬೀಸಿ ಬಿತ್ತುತ್ತಿದ್ದಾಳೆ. ಕೂದಲೂ ಉಡುಪೂ ಗಾಳಿಗೆ ಹಾರುತ್ತಿವೆ. ಬಾನಂಚಿನಲ್ಲಿ ಹುಟ್ಟುವ ಸೂರ್ಯ. ಇಷ್ಟೆಲ್ಲ ನಮ್ಮ ಹಿಂದಿನ ಎಂಟಾಣೆಗಿಂತ ದೊಡ್ಡದಲ್ಲದ ಬಿಲ್ಲೆಯ ಮೇಲೆ! ಫ್ರೆಂಚರು ಇವಳನ್ನು ‘ಸೆಮೆಜ್’ ಎನ್ನುತ್ತಾರೆ. ‘ಬಿತ್ತುವವಳು’ ಎಂದರೆ ನಮಗೆ ಸಾಕು. ಈ ಚಿತ್ರವನ್ನು ರೊತಿ ಮೊದಲು ಬರೆದದ್ದು ನಾಣ್ಯಕ್ಕಲ್ಲ, 1887ರಲ್ಲಿ ವ್ಯವಸಾಯ ಇಲಾಖೆಯ ಒಂದು ಪದಕಕ್ಕೆ. ಆ ಪದಕ ಆಗಲಿಲ್ಲ. ಮೂಲೆ ಸೇರಿದ್ದ ಬಿತ್ತುವವಳು ಹತ್ತು ವರ್ಷಗಳ ತರುವಾಯ, 1897ರಲ್ಲಿ, ಮೊದಲು 50 ಸಾಂತೀಮಿನ ಮೇಲೆ ಕಾಣಿಸಿಕೊಂಡಳು. ಒಂದು ಫ್ರಾಂಕು, ಎರಡು ಫ್ರಾಂಕು ಮರುವರ್ಷ ಬಂದವು.

ಬಂದ ಕೂಡಲೆ ಕೊಂಕು ತೆಗೆಯುವವರೂ ಬಂದರು. ಯಾವ ರೈತಳು ಗಾಳಿಗೆ ಎದುರಾಗಿ ಬಿತ್ತುತ್ತಾಳೆ ಎಂಬುದು ಅವರ ಪ್ರಶ್ನೆ. ನ್ಯಾಯವಾದ ಪ್ರಶ್ನೆಯೇ. ಗಾಳಿ ಬಂದಾಗ ತೂರಿಕೋ ಎಂದು ಹೇಳುವ ನಮ್ಮ ಹಳ್ಳಿಯವರೂ ಈ ನಾಣ್ಯವನ್ನು ನೋಡಿದ್ದರೆ ನಗುತ್ತಿದ್ದರು. ಆದರೆ ಸಾಧಾರಣ ಜನ ಇದನ್ನು ಲೆಕ್ಕಿಸಲಿಲ್ಲ. ಅವಳನ್ನು ಮೆಚ್ಚಿಕೊಂಡರು. 1903ರಲ್ಲಿ ಅಂಚೆ ಚೀಟಿಯ ಮೇಲೂ ಅವಳೇ ಬಂದಳು.

ಆ ಫ್ರಾಂಕಿನ ಬೆಲೆಯ ವಿಚಾರ ಎರಡು ಮಾತು ಹೇಳಬೇಕು. 1803ರಲ್ಲಿ ನೆಪೋಲಿಯನ್ ಇನ್ನೂ ಚಕ್ರವರ್ತಿಯಾಗುವುದಕ್ಕೆ ಮುಂಚೆ ಮಾಡಿದ ಕಾನೂನಿನಂತೆ ಒಂದು ಫ್ರಾಂಕು ಎಂದರೆ 5 ಗ್ರಾಂ ತೂಕದ, ಸಾವಿರಕ್ಕೆ 900 ಪಾಲು ಶುದ್ಧವಾದ ಬೆಳ್ಳಿ. 1860ರ ದಶಕದಲ್ಲಿ ಚಿಲ್ಲರೆ ಬೆಳ್ಳಿಯ ಶುದ್ಧತೆಯನ್ನು 835ಕ್ಕೆ ಇಳಿಸಿದರು, ತೂಕ ಕದಲಲಿಲ್ಲ. ಇಂದಿಗೂ ಸವೆಯದ ಒಂದು ಫ್ರಾಂಕನ್ನು ತೂಗಿದರೆ 5 ಗ್ರಾಂ, ಎರಡು ಫ್ರಾಂಕನ್ನು ತೂಗಿದರೆ 10. ಕಂಚಿನ 5 ಸಾಂತೀಮ್ ಕೂಡ 5 ಗ್ರಾಂ, 10 ಸಾಂತೀಮ್ 10 ಗ್ರಾಂ. ತಕ್ಕಡಿಯ ಬೊಟ್ಟುಗಳಂತೆ ಬಳಸಬಹುದಾದ ನಾಣ್ಯಗಳು. ಚಿನ್ನದ 20 ಫ್ರಾಂಕು 6.45 ಗ್ರಾಂ, ನಮ್ಮ ಒಂದು ಪವನಿಗಿಂತ ಸ್ವಲ್ಪ ಹಗುರ. ನೂರಹನ್ನೊಂದು ವರ್ಷ, ಎರಡು ಸಾಮ್ರಾಜ್ಯ, ಎರಡು ಗಣರಾಜ್ಯ, ನಡುವೆ ಮೂವರು ಅರಸರನ್ನು ಕಂಡರೂ ಈ ಚಿನ್ನದ ಅಳತೆ ಬದಲಾಗಲಿಲ್ಲ. ಬೆಲ್ಜಿಯಂ, ಇಟಲಿ, ಸ್ವಿಟ್ಜರ್ಲೆಂಡ್, ಗ್ರೀಸ್ ದೇಶಗಳವರೂ ಇದೇ ತೂಕಕ್ಕೆ ತಮ್ಮ ನಾಣ್ಯಗಳನ್ನು ಹೊಂದಿಸಿಕೊಂಡರು. ಮಹಾಯುದ್ಧಕ್ಕೆ ಮುಂಚೆ ಒಂದು ಪೌಂಡಿಗೆ 25 ಫ್ರಾಂಕು 22 ಸಾಂತೀಮ್. ನಮ್ಮ ಒಂದು ರೂಪಾಯಿಗೆ ಸುಮಾರು 1.68 ಫ್ರಾಂಕು. ಫ್ರೆಂಚ್ ಮಧ್ಯಮವರ್ಗದವನು ಮಗಳ ಮದುವೆಗೂ ಮುಪ್ಪಿನ ಊಟಕ್ಕೂ ಲೆಕ್ಕ ಹಾಕಿ ಬಡ್ಡಿಯ ಪತ್ರ ಕೊಂಡಿಡುತ್ತಿದ್ದುದು ಈ ಸ್ಥಿರತೆಯ ನಂಬಿಕೆಯ ಮೇಲೆ.

ಶಪ್ಲೇನನ ಚಿನ್ನದ ನಾಣ್ಯದ ಒಂದು ಮಗ್ಗುಲಲ್ಲಿ ಗಣರಾಜ್ಯದ ಪ್ರತೀಕವಾದ ಮರಿಯಾನ್ ಎಂಬ ಹೆಣ್ಣಿನ ಮುಖ. ಇನ್ನೊಂದು ಮಗ್ಗುಲಲ್ಲಿ ಎದೆಯುಬ್ಬಿಸಿದ ಹುಂಜ. 1899ರಿಂದ 1914ರವರೆಗೆ ಇದು ನಡೆಯಿತು. ಕಾಲೇಜು ಮೇಷ್ಟರ ಸಂಬಳದಲ್ಲಿ ಈ ಹುಂಜವನ್ನು ಸಾಕುವುದು ಕಷ್ಟ. ನನ್ನ ಸಂಗ್ರಹದಲ್ಲಿ ಅದಿಲ್ಲ, ಸ್ನೇಹಿತರೊಬ್ಬರಲ್ಲಿರುವುದನ್ನು ಕೈಯಲ್ಲಿ ಹಿಡಿದು ನೋಡಿದ್ದೇನೆ. ಅದರ ಅಂಚನ್ನು ಓದಬೇಕು. 1906ರವರೆಗಿನ ನಾಣ್ಯಗಳ ಅಂಚಿನಲ್ಲಿ ‘ದೇವರು ಫ್ರಾನ್ಸನ್ನು ಕಾಪಾಡಲಿ’ ಎಂಬ ಅರ್ಥದ ಬರಹವಿದೆ. 1907ರಿಂದ ಅದು ಮಾಯವಾಗಿ ‘ಸ್ವಾತಂತ್ರ್ಯ, ಸಮಾನತೆ, ಭ್ರಾತೃತ್ವ’ ಬಂದಿದೆ. ನಡುವೆ ಆದದ್ದೇನೆಂದರೆ 1905ರ ಡಿಸೆಂಬರಿನಲ್ಲಿ ಚರ್ಚನ್ನೂ ಸರ್ಕಾರವನ್ನೂ ಬೇರೆಮಾಡಿದ ಕಾನೂನು. ಸಂಸತ್ತಿನಲ್ಲಿ ನಡೆದ ದೊಡ್ಡ ಜಗಳವೊಂದರ ತೀರ್ಪು ಹೀಗೆ ನಾಣ್ಯದ ಅಂಚಿನಲ್ಲಿ, ಭೂತಗನ್ನಡಿ ಹಿಡಿದರೆ ಮಾತ್ರ ಚೆನ್ನಾಗಿ ಕಾಣುವ ಅಕ್ಷರಗಳಲ್ಲಿ ಉಳಿದಿದೆ. ಇತಿಹಾಸದ ಪುಸ್ತಕಕ್ಕಿಂತ ಇದು ನನಗೆ ಹೆಚ್ಚು ನೆನಪಿನಲ್ಲಿ ನಿಂತಿತು.

ಇನ್ನು ನಗುವ ವಿಷಯವೂ ಒಂದಿದೆ. 1903ರಲ್ಲಿ ನಿಕ್ಕಲ್ಲಿನಿಂದ 25 ಸಾಂತೀಮಿನ ನಾಣ್ಯ ಹೊರಡಿಸಿದರು. ಬಣ್ಣ ಬಿಳಿ, ಗಾತ್ರ ಬೆಳ್ಳಿಯ ಫ್ರಾಂಕಿಗಿಂತ ಕೂದಲೆಳೆಯಷ್ಟು ದೊಡ್ಡದು. ಸಂಜೆಗತ್ತಲಲ್ಲಿ ಒಂದು ಫ್ರಾಂಕೆಂದು ಕಾಲು ಫ್ರಾಂಕನ್ನು ಕೊಡುವುದೂ ಕೊಳ್ಳುವುದೂ ಆಗಿ ಜನ ಗೊಣಗಿದರು. ಮರುವರ್ಷವೇ ಅಂಚನ್ನು 22 ಮೂಲೆಗಳಾಗಿ ಕತ್ತರಿಸಿದರು. ಇಪ್ಪತ್ತೆರಡು ಮೂಲೆಯ ಬಿಲ್ಲೆ ಕೈಗೆ ಗುಂಡಗೆ ತೋರದೆ ಮತ್ತೇನು ತೋರೀತು? 1905ಕ್ಕೆ ಅದೂ ನಿಂತಿತು. ಕೊನೆಗೆ 1913ರ ಆಗಸ್ಟಿನಲ್ಲಿ ಕಾನೂನು ಮಾಡಿ, ನಿಕ್ಕಲ್ ನಾಣ್ಯಗಳ ನಡುವೆ ತೂತು ಕೊರೆಯುವುದೆಂದು ಗೊತ್ತುಮಾಡಿದರು. ಲಿಂಡವರ್ ಎಂಬವನು ಅದರ ಚಿತ್ರ ಬರೆದ. 1943ರಿಂದ ನಮ್ಮಲ್ಲಿಯೂ ತೂತಿನ ಕಾಸು ಬಂದಿತ್ತು. ನಮ್ಮ ಅಜ್ಜಿಯ ಪೆಟ್ಟಿಗೆಯಲ್ಲಿ ದಾರಕ್ಕೆ ಪೋಣಿಸಿದ ಅವುಗಳ ಒಂದು ಸರವೇ ಇತ್ತು. ನಮ್ಮಲ್ಲಿ ತೂತು ಕೊರೆದದ್ದು ಯುದ್ಧಕಾಲದಲ್ಲಿ ಲೋಹ ಉಳಿಸುವುದಕ್ಕೆ; ಅವರಲ್ಲಿ ಮುಟ್ಟಿ ಗುರುತಿಸುವುದಕ್ಕೆ. 1914ರ ಇಸವಿಯ 5 ಮತ್ತು 10 ಸಾಂತೀಮಿನ ತೂತು ನಾಣ್ಯಗಳು ಕೆಲವೇ ಸಾವಿರ ಅಚ್ಚಾದುವು. ಅಷ್ಟರಲ್ಲಿ ಯುದ್ಧ ಬಂದಿತು.

ಯುದ್ಧದ ಮೊದಲ ಪೆಟ್ಟು ಬಿದ್ದದ್ದು ನಾಣ್ಯದ ಮೇಲೆ. 1914ರ ಆಗಸ್ಟ್ 5ರಂದೇ ನೋಟಿಗೆ ಚಿನ್ನ ಕೊಡುವುದನ್ನು ನಿಲ್ಲಿಸಿದರು. ಜನ ಕೈಯಲ್ಲಿದ್ದ ಚಿನ್ನವನ್ನೂ ಬೆಳ್ಳಿಯನ್ನೂ ಬಚ್ಚಿಟ್ಟರು. ಸೆಪ್ಟೆಂಬರಿನ ಆರಂಭದಲ್ಲಿ ಜರ್ಮನರು ಪ್ಯಾರಿಸಿನ ಬಾಗಿಲಿಗೆ ಬಂದಾಗ ಸರ್ಕಾರ ಬೋರ್ಡೋ ನಗರಕ್ಕೆ ಗುಳೆಹೋಯಿತು. ಕಮ್ಮಟದ ಕೆಲಸದ ಒಂದು ಭಾಗವನ್ನು ನೈಋತ್ಯದ ಕಾಸ್ತೆಲ್‌ಸರಾಸೆನ್ ಎಂಬ ಸಣ್ಣ ಊರಿಗೆ ಸಾಗಿಸಿದರು. ಅಲ್ಲಿ ಅಚ್ಚಾದ ಬೆಳ್ಳಿಯ ನಾಣ್ಯಗಳ ಮೇಲೆ ಪುಟ್ಟದೊಂದು ‘ಸಿ’ ಅಕ್ಷರವಿದೆ. ಒಂದು ಫ್ರಾಂಕಿನ ನಾಣ್ಯ ಹಾಗೆ ಅಚ್ಚಾದದ್ದು ಸುಮಾರು 43 ಸಾವಿರ ಮಾತ್ರ. ಮಾರ್ನ್ ನದಿಯ ದಡದಲ್ಲಿ ಜರ್ಮನರು ತಡೆಯಲ್ಪಟ್ಟರು, ಪ್ಯಾರಿಸ್ ಉಳಿಯಿತು, ಸರ್ಕಾರ ಡಿಸೆಂಬರಿನಲ್ಲಿ ಹಿಂದಿರುಗಿತು. ‘ಸಿ’ ಅಕ್ಷರದ ಕತೆ ಅಲ್ಲಿಗೆ ಮುಗಿಯಿತು. ಭೀತಿಯ ಕೆಲವು ವಾರಗಳ ಸಾಕ್ಷಿಯಾಗಿ ಉಳಿದ ಆ ಬಿಲ್ಲೆಗಾಗಿ ಸಂಗ್ರಾಹಕರು ಇಂದು ಕಾದಾಡುತ್ತಾರೆ. 1914ರ ಫ್ರಾಂಕು ಎಲ್ಲಿ ಸಿಕ್ಕರೂ ನಾನು ಮೊದಲು ನೋಡುವುದು ಆ ಅಕ್ಷರವನ್ನು. ಈವರೆಗೆ ಸಿಕ್ಕಿಲ್ಲ.

ನಮ್ಮ ದೇಶಕ್ಕೆ ಈ ನಾಣ್ಯಗಳು ಹೇಗೆ ಬಂದವೆಂದು ಕೆಲವರು ಕೇಳುವುದುಂಟು. ಪಾಂಡಿಚೇರಿ, ಮಾಹೆಗಳಲ್ಲಿ ಫ್ರೆಂಚರಿದ್ದರಲ್ಲವೇ ಎಂಬುದು ಸಹಜವಾದ ಊಹೆ. ಮಂಗಳೂರಿನಿಂದ ಕರಾವಳಿ ಹಿಡಿದು ದಕ್ಷಿಣಕ್ಕೆ ಹೋದರೆ ಸಿಗುವ ಮಾಹೆಯಲ್ಲಿ 1954ರವರೆಗೂ ಅವರ ಬಾವುಟ ಹಾರುತ್ತಿತ್ತು, ನಿಜ. ಆದರೆ ಅಲ್ಲಿ ಸಂತೆಯಲ್ಲಿ ಓಡಾಡುತ್ತಿದ್ದುದು ರೂಪಾಯಿ, ಫ್ರಾಂಕಲ್ಲ. ಮೊದಲ ಮಹಾಯುದ್ಧದ ಮಾರ್ಗ ಇನ್ನೊಂದು. 1914ರ ಸೆಪ್ಟೆಂಬರ್ ಕೊನೆಯಲ್ಲಿ ಭಾರತದ ಪಡೆಗಳು ಮಾರ್ಸೇಲ್ಸ್ ಬಂದರಿನಲ್ಲಿ ಇಳಿದುವು. ಕಾಲಾಳುಗಳು ಒಂದು ವರ್ಷದ ಮೇಲೆ, ಕುದುರೆ ದಳಗಳು 1918ರವರೆಗೆ ಅಲ್ಲಿದ್ದರು. ಹಿಂದಿರುಗಿದವರ ಜೇಬಿನಲ್ಲಿ ಒಂದೆರಡು ಚಿಲ್ಲರೆ ಉಳಿದಿರಲೇಬೇಕು. ನಮ್ಮ ಮೈಸೂರು ಲ್ಯಾನ್ಸರ್ಸ್ ದಳ ಹೋದದ್ದು ಈಜಿಪ್ಟ್, ಪ್ಯಾಲೆಸ್ಟೈನ್ ಕಡೆಗೆ. ಆದಕಾರಣ ನಮ್ಮ ಊರುಗಳಲ್ಲಿ ಬಿತ್ತುವವಳು ಸಿಗುವುದು ಅಪರೂಪ. ನನ್ನಲ್ಲಿರುವ ಐವತ್ತರವತ್ತು ನಾಣ್ಯಗಳಲ್ಲಿ ಹೆಚ್ಚಿನವು ಬೆಂಗಳೂರಿನ ಹಳೆಯ ನಾಣ್ಯದ ವ್ಯಾಪಾರಿಗಳ ‘ಪರದೇಶಿ ಡಬ್ಬಿ’ಯಿಂದ ಆರಿಸಿದವು.

ಮತ್ತೆ ಹುಂಜದ ಕತೆಗೆ ಬರುತ್ತೇನೆ. ಈ ಲೇಖನದ ತಿರುಳೂ ಅದೇ. ಯುದ್ಧಕ್ಕೆ ಅಮೆರಿಕದಿಂದ ಸಾಮಾನು ತರಿಸಲು ಚಿನ್ನ ಬೇಕು. 1915ರಲ್ಲಿ ಫ್ರೆಂಚ್ ಸರ್ಕಾರ ಜನರ ಮುಂದೆ ಕೈಯೊಡ್ಡಿತು. ಆಬೆಲ್ ಫೇವ್ರ್ ಎಂಬ ಚಿತ್ರಕಾರ ಬರೆದ ಭಿತ್ತಿಪತ್ರ ಊರೂರಿನ ಗೋಡೆಗಳ ಮೇಲೆ ಬಂದಿತು. ಅದರಲ್ಲಿ ಚಿನ್ನದ ನಾಣ್ಯದ ಮೇಲಿನ ಹುಂಜ ಜೀವತಳೆದು, ನಾಣ್ಯದಿಂದ ಹೊರಕ್ಕೆ ನುಗ್ಗಿ, ಜರ್ಮನ್ ಸೈನಿಕನ ಮೇಲೆರಗುತ್ತಿದೆ. ಫ್ರಾನ್ಸಿಗಾಗಿ ನಿಮ್ಮ ಚಿನ್ನವನ್ನು ಕೊಡಿ ಎಂದು ಕರೆ. ಬ್ಯಾಂಕಿನ ಮುಂದೆ ಸಾಲು ನಿಂತಿತು. ಚಿನ್ನ ಕೊಟ್ಟವರಿಗೆ ಅಷ್ಟೇ ಮೊತ್ತದ ನೋಟು. ಜೊತೆಗೆ ದೇಶಕ್ಕೆ ಕರ್ತವ್ಯ ಸಲ್ಲಿಸಿದುದಕ್ಕೆ ಒಂದು ಪ್ರಮಾಣಪತ್ರ. ಅದಕ್ಕೆ ಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಿದ ಮನೆಗಳೂ ಇದ್ದಿರಬೇಕು. ಉಳಿತಾಯಕ್ಕೆ ಫ್ರೆಂಚರು ‘ಉಣ್ಣೆಯ ಕಾಲುಚೀಲ’ ಎನ್ನುತ್ತಾರೆ. ನಮ್ಮ ಹೆಂಗಸರ ಸಾಸಿವೆ ಡಬ್ಬಿ ಇದ್ದ ಹಾಗೆ. ಕಾಲುಚೀಲವನ್ನು ಬಿಚ್ಚಿ ಸುರಿದವರು ಕೆಲವರು. ಇನ್ನಷ್ಟು ಬಿಗಿಯಾಗಿ ಗಂಟು ಹಾಕಿ ಹಿತ್ತಲಲ್ಲಿ ಹೂಳಿದವರು ಕೆಲವರು.

ಇತ್ತ ಅಂಗಡಿಗಳಲ್ಲಿ ಚಿಲ್ಲರೆಯೇ ಇಲ್ಲ. ಬ್ರೆಡ್ಡು ಕೊಳ್ಳುವವನಿಗೆ ಬಾಕಿ ಕೊಡುವುದು ಹೇಗೆ? ಊರೂರಿನ ವಾಣಿಜ್ಯ ಮಂಡಲಿಗಳು ತಮ್ಮ ಹೆಸರಿನಲ್ಲಿ 50 ಸಾಂತೀಮ್, ಒಂದು ಫ್ರಾಂಕಿನ ಚಿಕ್ಕ ಚೀಟಿಗಳನ್ನು ಅಚ್ಚು ಹಾಕಿಸಿದುವು. ಒಂದು ಸೀಮೆಯ ಚೀಟಿ ಪಕ್ಕದ ಸೀಮೆಯಲ್ಲಿ ನಡೆಯದು. ಯುದ್ಧ ಮುಗಿದ ಮೇಲೂ ಸಂಕಟ ತಪ್ಪಲಿಲ್ಲ, ಹೆಚ್ಚಾಯಿತು. ಬೆಳ್ಳಿಯ ಧಾರಣೆ ಏರಿ ಏರಿ 1920ರ ಆರಂಭದಲ್ಲಿ ನಾಣ್ಯದೊಳಗಿನ ಬೆಳ್ಳಿ ಅದರ ಮುಖಬೆಲೆಯನ್ನು ಮೀರಿತು. ಹೀಗಾದ ಮೇಲೆ ಯಾರು ತಾನೆ ಅದನ್ನು ಖರ್ಚು ಮಾಡುತ್ತಾರೆ? (ಬೆಳ್ಳಿಯ ಅಭಾವ ನಮ್ಮನ್ನೂ ಬಿಡಲಿಲ್ಲ, 1917ರ ನವೆಂಬರಿನಲ್ಲಿ ನಮ್ಮ ದೇಶದಲ್ಲಿ ಮೊದಲ ಒಂದು ರೂಪಾಯಿ ನೋಟು ಹೊರಟದ್ದು ಇದೇ ಕಾರಣದಿಂದ.) ಬಿತ್ತುವವಳ ಬೆಳ್ಳಿ 1920ರ ಇಸವಿಯೊಂದಿಗೆ ನಿಂತುಹೋಯಿತು. ಆ ವರ್ಷ ಚತುರನೊಬ್ಬನಿಗೆ ಒಂದು ಉಪಾಯ ಹೊಳೆಯಿತು: ಅಂಚೆ ಚೀಟಿಯನ್ನು ಅಲ್ಯುಮಿನಿಯಂ ಬಿಲ್ಲೆಯೊಳಗಿಟ್ಟು, ಮೇಲೆ ತೆಳ್ಳನೆಯ ಅಭ್ರಕದ ಹಾಳೆ ಮುಚ್ಚಿ, ಅದನ್ನೇ ಚಿಲ್ಲರೆಯಾಗಿ ನಡೆಸುವುದು. ಬಿಲ್ಲೆಯ ಬೆನ್ನಿಗೆ ಯಾವುದೋ ಬ್ಯಾಂಕಿನದೋ ಪಾನೀಯದ್ದೋ ಜಾಹೀರಾತು. ಒಳಗಿನ ಚೀಟಿಯ ಮೇಲೆ ಯಾರು? ಬಿತ್ತುವವಳೇ! ಬೆಳ್ಳಿಯಿಂದ ಇಳಿದವಳು ಕಾಗದದ ಮೇಲೆ, ಗಾಜಿನಂತಹ ಮುಚ್ಚಳದಡಿ, ಐದು ಸಾಂತೀಮಿಗೆ ಹಸಿರಾಗಿ, ಹತ್ತಕ್ಕೆ ಕೆಂಪಾಗಿ ಮತ್ತೆ ಜನರ ಜೇಬು ಸೇರಿದಳು. ನನ್ನ ಸಂಗ್ರಹದಲ್ಲಿ ಅಂಥದೊಂದು ಹಸಿರು ಬಿಲ್ಲೆಯಿದೆ. ಅಭ್ರಕ ಬಿರುಕು ಬಿಟ್ಟಿದೆ. ಅವಳ ಬಣ್ಣ ಮಾಸಿಲ್ಲ.

ಸರ್ಕಾರ ಕಡೆಗೆ ಕಂಡುಕೊಂಡ ದಾರಿ ಇನ್ನೂ ಸೋಜಿಗದ್ದು. 1920ರಿಂದ 1929ರವರೆಗಿನ ಹಳದಿ ಲೋಹದ 50 ಸಾಂತೀಮ್, ಒಂದು, ಎರಡು ಫ್ರಾಂಕುಗಳನ್ನು ನೋಡಿ. ಅಚ್ಚು ಹಾಕಿದವರು ಪ್ಯಾರಿಸಿನ ಸರ್ಕಾರಿ ಕಮ್ಮಟದವರು. ಆದರೆ ಎಲ್ಲಿ ಹುಡುಕಿದರೂ ‘ಫ್ರೆಂಚ್ ಗಣರಾಜ್ಯ’ ಎಂಬ ಹೆಸರಿಲ್ಲ! ವ್ಯಾಪಾರದ ದೇವತೆ ಮರ್ಕ್ಯುರಿ ಕುಳಿತಿದ್ದಾನೆ. ‘ಫ್ರಾನ್ಸಿನ ವಾಣಿಜ್ಯ ಮಂಡಲಿಗಳು’ ಎಂದು ಬರೆದಿದೆ. ಅಂಕಿಯ ಮುಂದೆ ‘ಬೋ ಪೂರ್’ ಎಂಬ ಎರಡು ಮಾತು. ‘ಇಷ್ಟಕ್ಕೆ ಸಲ್ಲುವುದು’ ಎಂದು ಅದರ ಅರ್ಥ. ನಿಜವಾದ ಫ್ರಾಂಕು ಬೆಳ್ಳಿಯದೇ ಆಗಿರಬೇಕೆಂದು ಕಾನೂನಿನಲ್ಲೂ ನೆರೆಯವರೊಡನೆ ಮಾಡಿಕೊಂಡ ಒಪ್ಪಂದದಲ್ಲೂ ಇದ್ದುದರಿಂದ ಇದನ್ನು ಫ್ರಾಂಕೆಂದು ಕರೆಯುವ ಧೈರ್ಯ ಸರ್ಕಾರಕ್ಕೆ ಬರಲಿಲ್ಲ. ಫ್ರಾಂಕಿಗೆ ಸಲ್ಲುವ ಒಂದು ಚೀಟಿ ಎಂಬಂತೆ ಲೋಹದ ಮೇಲೆ ಬರೆದು ಕೊಟ್ಟಿತು. ಭಾಷೆ ಪಾಠ ಹೇಳುವ ನನ್ನಂಥವನಿಗೆ ಈ ಎರಡು ಮಾತುಗಳಷ್ಟು ರುಚಿಯಾದ ಶಾಸನ ಬೇರೆ ಯಾವ ನಾಣ್ಯದ ಮೇಲೂ ಸಿಕ್ಕಿಲ್ಲ. ನಾಣ್ಯವು ತಾನು ನಾಣ್ಯವಲ್ಲವೆಂದು ತಾನೇ ಒಪ್ಪಿಕೊಂಡಿದೆ. ಕನ್ನಡದಲ್ಲಿ ‘ನಾಣ್ಯ’ ಎಂದರೆ ಪ್ರಾಮಾಣಿಕತೆ ಎಂಬ ಅರ್ಥವೂ ಉಂಟಷ್ಟೆ. ಆ ಅರ್ಥದಲ್ಲಿ ಇದು ನಾಣ್ಯವುಳ್ಳ ಬಿಲ್ಲೆಯೇ ಸರಿ.

ಹೀಗೆ ನಡೆಯುತ್ತಿರುವಾಗ ಫ್ರಾಂಕಿನ ಬೆಲೆ ಬಾವಿಗೆ ಬಿದ್ದ ಕೊಡದಂತೆ ಇಳಿಯಿತು. 1926ರ ಜುಲೈನಲ್ಲಿ ಒಂದು ಪೌಂಡಿಗೆ 240 ಫ್ರಾಂಕು ಮೀರಿ ಹೋಯಿತು. ಆಗ ಅಧಿಕಾರಕ್ಕೆ ಬಂದ ರೇಮಂ ಪ್ವಾಂಕಾರೆ ತೆರಿಗೆ ಹೆಚ್ಚಿಸಿ, ಜನರ ನಂಬಿಕೆ ಗಳಿಸಿ, ಅದನ್ನು 124ರ ಸುಮಾರಿಗೆ ತಂದು ನಿಲ್ಲಿಸಿದ. 1928ರ ಜೂನ್ 25ರ ಕಾನೂನು ಆ ಮಟ್ಟವನ್ನೇ ಶಾಶ್ವತ ಮಾಡಿತು. ಹಳೆಯ ಫ್ರಾಂಕಿನಲ್ಲಿ 290 ಮಿಲಿಗ್ರಾಂ ಶುದ್ಧ ಚಿನ್ನ. ಹೊಸದರಲ್ಲಿ 59ಕ್ಕೂ ಒಂದು ಕೂದಲು ಕಡಿಮೆ. ಐದನೆಯ ಒಂದು ಭಾಗ. ಹಳೆಯ ಲೆಕ್ಕದಲ್ಲಿ ಒಂದು ಫ್ರಾಂಕಿಗೆ ಇಪ್ಪತ್ತು ‘ಸೂ’. ಆದುದರಿಂದ ಜನ ಇದಕ್ಕೆ ‘ನಾಲ್ಕು ಸೂ ಫ್ರಾಂಕು’ ಎಂದು ಅಡ್ಡಹೆಸರಿಟ್ಟರು.

ಈಗ ವಾಚಕರು ಒಂದು ಸಣ್ಣ ಲೆಕ್ಕ ಮಾಡಿ ನೋಡಬೇಕು. 1915ರಲ್ಲಿ ಇಬ್ಬರು ನೆರೆಹೊರೆಯವರು. ಇಬ್ಬರ ಬಳಿಯೂ ಹುಂಜದ ಒಂದೊಂದು 20 ಫ್ರಾಂಕು. ಭಿತ್ತಿಪತ್ರ ನೋಡಿ ಮನಕರಗಿ ಬ್ಯಾಂಕಿಗೆ ಹೋದವನು 20 ಫ್ರಾಂಕಿನ ನೋಟನ್ನೂ ಪ್ರಮಾಣಪತ್ರವನ್ನೂ ತಂದ. ಇನ್ನೊಬ್ಬ ಹಿತ್ತಲಲ್ಲಿ ಹೂತಿಟ್ಟ. 1928ರಲ್ಲಿ ಮೊದಲನೆಯವನ ಕೈಯಲ್ಲಿ ಅದೇ 20. ಎರಡನೆಯವನು ಅಗೆದು ತೆಗೆದ ಹುಂಜದಲ್ಲಿ ಹೊಸ ಕಾನೂನಿನ ಅಳತೆಯಂತೆ 98 ಫ್ರಾಂಕಿನ ಚಿನ್ನ. ನೋಟನ್ನು ಯುದ್ಧಸಾಲಪತ್ರದಲ್ಲಿ ತೊಡಗಿಸಿ ನೂರಕ್ಕೆ ಐದರಂತೆ ಬಡ್ಡಿ ಎಣಿಸಿದವನಿಗೂ ಈ ಕಂದರ ತುಂಬಲಿಲ್ಲ. ಇದರ ಮೇಲೆ ಇನ್ನೊಂದು: ಹೊಸ ಕಾನೂನಿನಲ್ಲಿ ನೋಟಿಗೆ ಚಿನ್ನ ಕೊಡುತ್ತೇವೆಂಬ ವಾಗ್ದಾನವೇನೋ ಮರಳಿ ಬಂದಿತು, ಆದರೆ ಗಟ್ಟಿಯಾಗಿ ಮಾತ್ರ, ಅದೂ ಕನಿಷ್ಠ 2,15,000 ಫ್ರಾಂಕು ತಂದವರಿಗೆ ಮಾತ್ರ. ಸಾಸಿವೆ ಡಬ್ಬಿಯವರಿಗೆ ಆ ಬಾಗಿಲು ತೆರೆಯಲಿಲ್ಲ. ಬಜೋರ್ ಎಂಬ ಶಿಲ್ಪಿ ಚಿತ್ರಿಸಿದ ಚಿನ್ನದ 100 ಫ್ರಾಂಕಿನ ನಾಣ್ಯ ಅಚ್ಚಾಯಿತು, ಅದು ಜನರ ಕೈಗೆ ಬರುವ ಮೊದಲೇ 1936ರಲ್ಲಿ ಫ್ರಾಂಕು ಮತ್ತೆ ಇಳಿಯಿತು; ಹೆಚ್ಚಿನವು ಕರಗಿಹೋದುವು.

ಪ್ವಾಂಕಾರೆ ತಪ್ಪು ಮಾಡಿದನೆಂದು ನಾನು ಹೇಳುತ್ತಿಲ್ಲ. ಸುಮಾರು 14 ಲಕ್ಷ ಸೈನಿಕರನ್ನು ಕಳೆದುಕೊಂಡು, ಉತ್ತರದ ಊರುಗಳನ್ನು ಮತ್ತೆ ಕಟ್ಟಬೇಕಾಗಿದ್ದ ದೇಶ ಹಳೆಯ ಫ್ರಾಂಕಿಗೆ ಹಿಂದಿರುಗುವುದು ಸಾಧ್ಯವಿರಲಿಲ್ಲ. 1925ರಲ್ಲಿ ಹಟ ಹಿಡಿದು ಹಳೆಯ ಬೆಲೆಗೇ ಪೌಂಡನ್ನು ಏರಿಸಿದ ಬ್ರಿಟನ್ನಿನವರು ನಿರುದ್ಯೋಗದಿಂದ ಅದರ ದಂಡ ತೆತ್ತರು. ಆದರೂ, ಇಡೀ ದೇಶದ ನಷ್ಟವನ್ನು ಎಲ್ಲರೂ ಹಂಚಿಕೊಳ್ಳುವುದು ಬೇರೆ. ಸರ್ಕಾರದ ಮಾತು ನಂಬಿ ಕೊಟ್ಟವನು ಕಳೆದುಕೊಂಡು, ನಂಬದೆ ಬಚ್ಚಿಟ್ಟವನು ಉಳಿಸಿಕೊಳ್ಳುವುದು ಬೇರೆ. ಗೋಡೆಯ ಮೇಲಿನ ಆ ಪ್ರಮಾಣಪತ್ರಕ್ಕೆ ಏನಾದರೊಂದು ಮರ್ಯಾದೆ ಸಲ್ಲಬೇಕಾಗಿತ್ತೆಂದೇ ನನಗೆ ತೋರುತ್ತದೆ. ಮುಂದಿನ ತಲೆಮಾರಿನ ಫ್ರೆಂಚ್ ಗೃಹಸ್ಥರು ನೋಟನ್ನು ನಂಬದೆ ಚಿನ್ನದ ಹುಂಜಕ್ಕೆ ಮುಗಿಬಿದ್ದುದರಲ್ಲಿ ಆಶ್ಚರ್ಯವೇನಿದೆ?

ಹಾಗೆ ಮುಗಿಬಿದ್ದುದರ ಫಲವಾಗಿಯೇ ಸಂಗ್ರಾಹಕರಿಗೆ ಒಂದು ಬಲೆ ಸಿದ್ಧವಾಯಿತು. ಎರಡನೆಯ ಮಹಾಯುದ್ಧದ ಮೇಲೆ ಈ 20 ಫ್ರಾಂಕಿಗೆ ಅದರ ಚಿನ್ನಕ್ಕಿಂತ ಹೆಚ್ಚಿನ ಬೆಲೆ ಬಂದಾಗ, 1951ರಿಂದ 1960ರವರೆಗೆ ಸರ್ಕಾರವೇ ಹಳೆಯ ಅಚ್ಚಿನಲ್ಲಿ, 1907ರಿಂದ 1914ರವರೆಗಿನ ಹಳೆಯ ಇಸವಿಗಳನ್ನೇ ಹಾಕಿ, ಕೋಟಿಗಟ್ಟಲೆ ಹುಂಜಗಳನ್ನು ಮತ್ತೆ ಅಚ್ಚು ಹಾಕಿಸಿತು. ಚಿನ್ನ ಅದೇ, ತೂಕ ಅದೇ, ಕಮ್ಮಟವೂ ಅದೇ, ಖೋಟಾ ಎನ್ನುವಂತಿಲ್ಲ. ಹೊಸದರ ಬಣ್ಣ ಸ್ವಲ್ಪ ಕೆಂಪು ಎನ್ನುವುದೊಂದೇ ಬಲ್ಲವರು ಹೇಳುವ ಗುರುತು. ಕೊಳ್ಳುವ ಶಕ್ತಿಯುಳ್ಳವರು, 1906ಕ್ಕೆ ಹಿಂದಿನದನ್ನು, ಅಂಚಿನಲ್ಲಿ ದೇವರ ಹೆಸರಿರುವುದನ್ನು ಆರಿಸಿಕೊಳ್ಳುವುದು ಮೇಲು.

ಬಿತ್ತುವವಳ ಪಾಲಿಗೆ ಕಾಲ ಹೆಚ್ಚು ದಯೆ ತೋರಿತು. 1960ರಲ್ಲಿ ನೂರು ಹಳೆಯ ಫ್ರಾಂಕನ್ನು ಒಂದು ಹೊಸ ಫ್ರಾಂಕಾಗಿ ಮಾಡಿದಾಗ, ನಲವತ್ತು ವರ್ಷಗಳ ಅಜ್ಞಾತವಾಸ ಮುಗಿಸಿ ಅವಳು ಮತ್ತೆ ಬಂದಳು: ಐದು ಫ್ರಾಂಕಿನ ಬೆಳ್ಳಿಯ ಮೇಲೆ, ಒಂದು ಫ್ರಾಂಕಿನ ನಿಕ್ಕಲ್ಲಿನ ಮೇಲೆ. 1911ರಲ್ಲೇ ತೀರಿಕೊಂಡ ರೊತಿ ಅದನ್ನು ನೋಡಲಿಲ್ಲ. 2002ರ ಫೆಬ್ರವರಿಯಲ್ಲಿ ಫ್ರಾಂಕಿನ ಚಲಾವಣೆ ನಿಂತು ಯೂರೋ ಒಂದೇ ಉಳಿಯಿತು; ಹಳೆಯ ಫ್ರಾಂಕು ನಾಣ್ಯಗಳನ್ನು ಬದಲಾಯಿಸಿಕೊಳ್ಳಲು 2005ರ ಫೆಬ್ರವರಿ 17ರವರೆಗೆ ಗಡುವಿತ್ತು. ಆದರೆ ಫ್ರಾನ್ಸಿನಿಂದ ಯಾರಾದರೂ ಬಂದರೆ ಅವರ ಜೇಬಿನ, 2023ರವರೆಗಿನ ಇಸವಿಯ ಹತ್ತು, ಇಪ್ಪತ್ತು, ಐವತ್ತು ಸೆಂಟುಗಳನ್ನು ತಿರುಗಿಸಿ ನೋಡಿ. ಅದೇ ಟೋಪಿ, ಅದೇ ಚೀಲ, ಅದೇ ಹೆಜ್ಜೆ. ಕೂದಲು ಈಗಲೂ ಗಾಳಿಗೆ ಹಾರುತ್ತಿದೆ.